ಗಿರಿಜಕ್ಕನ ಮುಖ, ಅಣ್ಣಪ್ಪನವರ ನೊರೆ

ನನ್ನ ಗಂಡ ರಾಜಗೋಪಾಲರಿಗೆ ಯಾವುದನ್ನೂ ಹೇಳಿದ ಕೂಡಲೇ ನಂಬುವ ಅಭ್ಯಾಸವಿಲ್ಲ. ಬೇಳೆಗೆ ಕುಕ್ಕರು ಮೂರು ಕೂಗಬೇಕು ಎಂದು ನಾನು ಹೇಳಿದರೆ, ಎರಡು ಕೂಗಿಗೆ ಎಷ್ಟು ಬೇಯುತ್ತದೆ, ನಾಲ್ಕಕ್ಕೆ ಎಷ್ಟು ಎಂದು ನೋಡಿ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಗೆರೆ ಎಳೆದ ಮೇಲೆಯೇ ಅವರಿಗೆ ಸಮಾಧಾನ. ಮದುವೆಯಾದ ಹೊಸದರಲ್ಲಿ ಇದನ್ನು ಬುದ್ಧಿವಂತಿಕೆ ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಕೆಲವರಿಗೆ ಉಗುರು ಕಚ್ಚುವ ಚಾಳಿ ಇರುವಂತೆ ಇವರಿಗೆ ಗೆರೆ ಎಳೆಯುವ ಚಾಳಿ.

ನಾವು ಮೈಸೂರಿನವರು. ಇವರಿಗೆ ಕಲ್ಕತ್ತೆಯ ಸಾಲ್ಟ್ ಲೇಕಿನಲ್ಲಿ ಕೇಂದ್ರ ಸರ್ಕಾರದ ಅಂಕಿಅಂಶದ ಕಚೇರಿಯಲ್ಲಿ ಕೆಲಸ, ಮನೆ ಕಸ್ಬಾದಲ್ಲಿ. ಸ್ವಲ್ಪ ದಿನ ಇದ್ದು ವರ್ಗ ಮಾಡಿಸಿಕೊಂಡು ಹೋಗೋಣ ಎಂದು ಬಂದವರು ಹೋಗಲೇ ಇಲ್ಲ. ಮಗಳು ಮಾನ್ಯ ಇಲ್ಲೇ ಹುಟ್ಟಿ ಈಗ ಕಾಲೇಜಿನಲ್ಲಿದ್ದಾಳೆ. ಕನ್ನಡದಲ್ಲಿ ಬೈದರೆ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಇವರಿಗೆ ಆಟೊದಲ್ಲಿ ಮುಂದಿನ ಸೀಟು, ಚಳಿಗಾಲದಲ್ಲಿ ಖರ್ಜೂರದ ಬೆಲ್ಲದ ಸಂದೇಶ್ ಎನ್ನುವ ಸಿಹಿ, ಭಾನುವಾರ ತಮ್ಮ ಫಿಲಂ ಕ್ಯಾಮೆರಾ, ಇಷ್ಟಿದ್ದರೆ ಸಾಕು. ಇಷ್ಟು ಕಡಿಮೆಯಲ್ಲಿ ಸುಖವಾಗಿರುವ ಮನುಷ್ಯನ ಜೊತೆ ಜಗಳ ಆಡುವುದು ಸುಲಭವಲ್ಲ. ನಾನು ಕಷ್ಟಪಟ್ಟು ಆಡುತ್ತೇನೆ.

ಊರೆಲ್ಲ ಫೋನಿನಲ್ಲಿ ಫೋಟೊ ತೆಗೆಯುವಾಗ ಇವರು ಇನ್ನೂ ಕಪ್ಪು ಬಿಳುಪು ಫಿಲಂ ಹಾಕುವ ಕ್ಯಾಮೆರಾ ಇಟ್ಟುಕೊಂಡಿದ್ದಾರೆ. ಭಾನುವಾರ ನಮ್ಮ ಬಚ್ಚಲುಮನೆಯ ಕಿಟಕಿಗೆ ಕಪ್ಪು ಕಾಗದ ಏರುತ್ತದೆ. ನಾನು ಸ್ನಾನಕ್ಕೆ ಹೋಗಬೇಕಾದರೆ ಮೊದಲೇ ತಿಳಿಸಬೇಕು. ಈಚೆಗೆ ಟಾಲಿಗಂಜಿನಲ್ಲಿ, ಮುಚ್ಚಿಹೋದ ಸಿನಿಮಾ ಲ್ಯಾಬೊಂದರಲ್ಲಿ ದುಡಿದಿದ್ದ ಮುದುಕರೊಬ್ಬರು, ಬಳಸದೆ ಉಳಿದ ಸಿನಿಮಾ ಫಿಲಮ್ಮಿನ ಒಂದು ತಗಡಿನ ಡಬ್ಬಿಯನ್ನು ಇವರಿಗೆ ಕೊಟ್ಟರು. ಮೆಟ್ರೊದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದ ಜೋಪಾನ ನೋಡಬೇಕಿತ್ತು. ಮಾನ್ಯ ಹುಟ್ಟಿದಾಗ ಅವಳನ್ನೂ ಹಾಗೆ ಹಿಡಿದುಕೊಂಡಿರಲಿಲ್ಲ.

ಆ ಫಿಲಂಗೆ ಎಷ್ಟು ಬೆಳಕು ಬೇಕು ಎಂದು ಡಬ್ಬಿಯ ಮೇಲೆ ಬರೆದಿತ್ತು. ಆದರೆ ಅದು ಫಿಲಂ ಹೊಸದಾಗಿದ್ದಾಗಿನ ಮಾತು. ಅಷ್ಟು ವರ್ಷ ಕಲ್ಕತ್ತೆಯ ಸೆಕೆಯಲ್ಲಿ ಕೂತರೆ ಮನುಷ್ಯರ ಸ್ವಭಾವವೇ ಬದಲಾಗುತ್ತದೆ, ಇನ್ನು ಫಿಲಂ ಯಾವ ಲೆಕ್ಕ. ಹಾಗಾಗಿ ಇವರು ಅದರದೂ ಒಂದು ಗೆರೆ ಎಳೆಯಲು ಹೊರಟರು. ಊಟಕ್ಕೆ ಕೂತಾಗ ನನಗೆ ಪಾಠ ಶುರುವಾಯಿತು.

"ನೋಡು ವಿದ್ಯಾ, ಸ್ವಲ್ಪ ಬೆಳಕು ಬಿದ್ರೆ ಫಿಲಂಗೆ ಏನೂ ಆಗೋದೇ ಇಲ್ಲ. ಅಲುಗಾಡಲ್ಲ. ಒಂದು ಹಂತ ದಾಟಿದ ಮೇಲೆ, ಬೆಳಕು ದುಪ್ಪಟ್ಟಾದಾಗೆಲ್ಲ ಒಂದೇ ಅಳತೇಲಿ ಕಪ್ಪಾಗ್ತಾ ಹೋಗುತ್ತೆ. ಕೊನೇಲಿ ಎಷ್ಟು ಸುರಿದ್ರೂ ಸಾಕಪ್ಪಾ ಅಂತ ನಿಂತುಬಿಡುತ್ತೆ." ಸಾರಿನಲ್ಲಿ ಬೆರಳದ್ದಿ ತಟ್ಟೆಯ ಅಂಚಿನಲ್ಲಿ ಒಂದು ಗೆರೆ ಬರೆದರು. ಕೆಳಗೆ ಮಲಗಿತ್ತು, ನಡುವೆ ಏರಿತು, ಮೇಲೆ ಹೋಗಿ ಮತ್ತೆ ಮಲಗಿತು. "ಈ ಗೆರೆಗೆ ಒಂದು ಸೂತ್ರ ಕೂರಿಸಿದ್ರೆ ಆಯ್ತು. ನೆಗೆಟಿವ್ ಎಲ್ಲೆಲ್ಲಿ ಎಷ್ಟೆಷ್ಟು ಕಪ್ಪಾಗಿದೆ ಅಂತ ನೋಡಿ, ಅಲ್ಲಲ್ಲಿ ಎಷ್ಟು ಬೆಳಕು ಬಿದ್ದಿತ್ತು ಅಂತ ಹಿಂದಕ್ಕೆ ಲೆಕ್ಕ ಹಾಕಬಹುದು. ಇದ್ದದ್ದು ಇದ್ದ ಹಾಗೇ ಬರುತ್ತೆ."

"ಇದ್ದದ್ದು ಇದ್ದ ಹಾಗೇ ಬರಲಿ ಅಂತ ಯಾರ್ರೀ ಕೇಳಿದಾರೆ?" ಎಂದೆ. ಕೇಳುವವರು ಒಬ್ಬರಿದ್ದರು. ನನಗೆ ಆಗ ಅದು ಗೊತ್ತಿರಲಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ಅಣ್ಣಪ್ಪನವರ ಹೋಟೆಲು. ಉಡುಪಿ ಕಡೆಯವರು, ಇಡ್ಲಿ ದೋಸೆ ದಿನಾ ಇರುತ್ತದೆ, ಕನ್ನಡದವರ ಮನೆಗಳ ಮದುವೆ ಮುಂಜಿಗೆ ಅಡುಗೆಯನ್ನೂ ಒಪ್ಪಿಕೊಳ್ಳುತ್ತಾರೆ. ಗಲ್ಲಾ ಮತ್ತು ಕಾಫಿ ಅಣ್ಣಪ್ಪನವರದು. ಉಳಿದದ್ದೆಲ್ಲ ಹೆಂಡತಿ ಗಿರಿಜಕ್ಕನದು. ಗಿರಿಜಕ್ಕ ಕಪ್ಪು. ಎಣ್ಣೆಗೆಂಪು, ಗೋಧಿ ಬಣ್ಣ ಎಂದೆಲ್ಲ ಮೃದು ಮಾಡಿ ಹೇಳಿದರೆ ಅವರಿಗೇ ಸಿಟ್ಟು ಬರುತ್ತದೆ.

ಹೋಟೆಲಿನ ಗೋಡೆಯ ಮೇಲೆ ಅವರ ಅಮ್ಮನ ಫೋಟೊ ಇದೆ. ಗಿರಿಜಕ್ಕ ಸಣ್ಣ ಹುಡುಗಿಯಾಗಿದ್ದಾಗಲೇ ಅಮ್ಮ ತೀರಿಕೊಂಡರು. ಇದ್ದ ಒಂದೇ ಒಂದು ಫೋಟೊವನ್ನು ಊರಿನ ಸ್ಟುಡಿಯೋದವನು ದೊಡ್ಡದು ಮಾಡಿ, ಕೈಯಲ್ಲಿ ಬಣ್ಣ ಬಳಿದು ಕೊಟ್ಟಿದ್ದ. ಕೆನ್ನೆ ಗುಲಾಬಿ, ಮುಖ ಮೈದಾ ಹಿಟ್ಟು. ಸತ್ತವರಿಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂದೇ ಅವನು ಅಂದುಕೊಂಡಿರಬೇಕು. ಗಿರಿಜಕ್ಕ ಅದಕ್ಕೆ ಪ್ರತಿದಿನ ಹೊಸ ಹಾರ ಹಾಕುತ್ತಾರೆ. ಒಂದು ಮಧ್ಯಾಹ್ನ ಹಾರ ಹಾಕಿ ಇಳಿದು, ಸ್ಟೂಲಿನ ಮೇಲೆ ಕೂತು ನನಗೆ ಹೇಳಿದರು:

"ಊರಿಗೆ ಹೋದ್ರೆ ಎಲ್ರೂ ಹೇಳುದು, ನೀನು ಅಮ್ಮನ ಪಡಿಯಚ್ಚು ಅಂತ. ಈ ಫೋಟೊದಲ್ಲಿ ನನಗೆ ಎಂತ ಹೋಲಿಕೆಯೂ ಕಾಣುದಿಲ್ಲ ವಿದ್ಯಾ. ಅಮ್ಮನ ಮುಖ ನೆನಪೂ ಇಲ್ಲ. ದಿನಾ ಯಾರಿಗೆ ಹಾರ ಹಾಕ್ತೇನೆ ಅಂತ್ಲೇ ಗೊತ್ತಿಲ್ಲ."

ಅವರ ಸ್ವಂತ ಫೋಟೊಗಳ ಕಥೆಯೂ ಇದೇ. ಮದುವೆಯ ಫೋಟೊದಲ್ಲಿ ಅಣ್ಣಪ್ಪನವರ ಬಿಳಿ ಪಂಚೆ ಝಗಝಗ ಹೊಳೆಯುತ್ತಿದೆ, ಪಕ್ಕದಲ್ಲಿ ಎರಡು ಕಣ್ಣು ಮತ್ತು ಒಂದು ಮೂಗುತಿ ಮಾತ್ರ ಇವೆ. ಆಮೇಲೆ ಫೋನಿನ ಕಾಲ ಬಂತು. ನಾದಿನಿಯ ಮಗಳ ಮದುವೆಯ ಆಲ್ಬಮ್ಮಿನಲ್ಲಿ ಗಿರಿಜಕ್ಕ ಮದುಮಗಳಿಗಿಂತ ಬೆಳ್ಳಗಾಗಿದ್ದರು. ಅಂದಿನಿಂದ ಎಲ್ಲಿ ಫೋಟೊ ಎಂದರೂ ಅವರು ಅಡುಗೆಮನೆಯ ಕಡೆ ನಡೆದುಬಿಡುತ್ತಿದ್ದರು.

ಕಳೆದ ವಸಂತ ಪಂಚಮಿಯಂದು, ಇಲ್ಲಿಯವರ ಸರಸ್ವತಿ ಪೂಜೆಯ ದಿನ, ನಮ್ಮ ಮನೆಯಲ್ಲಿ ನಾಲ್ಕು ಕನ್ನಡದ ಸಂಸಾರಗಳು ಸೇರಿದ್ದವು. ಮಾನ್ಯ ಹಟ ಮಾಡಿ ಗಿರಿಜಕ್ಕನನ್ನು ಹಿಡಿದು ನಿಲ್ಲಿಸಿ ಫೋನಿನಲ್ಲಿ ತೆಗೆದಳು. "ಫಿಲ್ಟರ್ ಆಫ್ ಇದೆ ಆಂಟಿ, ಪ್ರಾಮಿಸ್," ಎಂದಳು. ಫಿಲ್ಟರ್ ಇರಲಿಲ್ಲ ನಿಜ, ಆದರೆ ಫೋನು ತಾನಾಗಿಯೇ ಇದೇನು ಇಷ್ಟು ಕತ್ತಲೆ ಎಂದುಕೊಂಡು ಮುಖವನ್ನು ಬೆಳಗಿಸಿ ಇಟ್ಟಿತ್ತು. ಗಿರಿಜಕ್ಕ ನೋಡಿ ಫೋನು ವಾಪಸ್ಸು ಕೊಟ್ಟರು.

"ಹೋದವರ ಫೋಟೊ ಅಲ್ವಾ ಗೋಡೆಗೆ ಹಾಕುದು," ಎಂದರು. "ನಾಳೆ ನಾನು ಹೋದ ಮೇಲೆ ಇದನ್ನೇ ದೊಡ್ಡದು ಮಾಡಿ ಹಾಕ್ತಾರೆ. ನನ್ನ ಮಕ್ಕಳೂ ಯಾರದ್ದೋ ಮುಖಕ್ಕೆ ಹಾರ ಹಾಕ್ಬೇಕು."

ಎಲ್ಲರೂ ನಕ್ಕರು, ಅವರೂ ನಕ್ಕರು. ಇವರು ಮಾತ್ರ ಪಾಯಸದ ಲೋಟ ಕೆಳಗಿಟ್ಟು, "ಗಿರಿಜಕ್ಕ, ನಾನು ತೆಗೀತೀನಿ. ನೀವು ಹೇಗಿದೀರೋ ಹಾಗೆ," ಎಂದರು.

ಗಿರಿಜಕ್ಕ ಇವರ ಕಡೆ ತಿರುಗಿದರು. "ಒಂದೇ ಸಲ ಕೂರ್ತೇನೆ ಗೋಪಾಲಣ್ಣ. ಅದೂ ಹಾಳಾದ್ರೆ ಮತ್ತೆ ಕೇಳ್ಬಾರ್ದು."

ಫೋನಿನ ಒಳಗೆ ಹೋಗಿ ಏನೇನೋ ತಿರುವಿದರೆ ಅದರಲ್ಲೂ ಸರಿಬರುತ್ತದೆ ಎಂದು ಮಾನ್ಯ ಆಮೇಲೆ ಹೇಳಿದಳು. ಬರುತ್ತಿತ್ತೇನೋ. ಆದರೆ ಗಿರಿಜಕ್ಕನಿಗೆ ಫೋನಿನ ಮೇಲಿನ ನಂಬಿಕೆ ಹೋಗಿತ್ತು, ನನ್ನ ಗಂಡ ಮಾತು ಕೊಟ್ಟಾಗಿತ್ತು.

ಒಂದೇ ಸಲ ಎಂದ ಮೇಲೆ ಫಿಲಮ್ಮಿನ ಗೆರೆ ಪಕ್ಕಾ ಆಗಬೇಕಲ್ಲ. ಅದಕ್ಕೆ ಕಪ್ಪಿನಿಂದ ಬಿಳುಪಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಬಣ್ಣ ಇರುವ ಒಂದು ಪಟ್ಟಿ ಬೇಕು. ಪ್ರತಿ ಮೆಟ್ಟಿಲಿನ ಬೆಳಕನ್ನು ಮೀಟರಿನಲ್ಲಿ ಅಳೆದು, ಆಮೇಲೆ ಫೋಟೊ ತೆಗೆದು, ಫಿಲಂ ಯಾವುದಕ್ಕೆ ಎಷ್ಟು ಕಪ್ಪಾಯಿತು ಎಂದು ನೋಡುವುದು. ಅಂಥ ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಇವರು ಕಾಫಿ ಕುಡಿಯುತ್ತ ಈ ವಿಷಯ ಎತ್ತಿದ್ದೇ ತಪ್ಪಾಯಿತು. ಅಣ್ಣಪ್ಪನವರು ಗಲ್ಲಾ ಬಿಟ್ಟು ಎದ್ದು ಬಂದರು.

"ಕಪ್ಪಿಂದ ಬಿಳಿವರೆಗೆ ಅಲ್ವಾ ಬೇಕಾದ್ದು? ಅದಕ್ಕೆ ಅಂಗಡಿಗೆ ಯಾಕೆ ಹೋಗುದು ಮಾರಾಯ್ರೆ. ಡಿಕಾಕ್ಷನ್ ಉಂಟು, ಹಾಲು ಉಂಟು. ನಡುವಿನದ್ದು ನಿಮಗೆ ಎಷ್ಟು ಬಗೆ ಬೇಕು ಹೇಳಿ."

ಇವರ ಕಣ್ಣು ಅರಳಿತು. ಮರುಳಿಗೆ ಮರುಳು ಜೊತೆ ಸಿಕ್ಕಿದರೆ ತಡೆಯುವವರು ಯಾರು? ಭಾನುವಾರ ಬೆಳಗಿನ ಗಿರಾಕಿ ಇಳಿದ ಮೇಲೆ ಕಿಟಕಿಯ ಪಕ್ಕದ ಉದ್ದ ಮೇಜಿನ ಮೇಲೆ ಗಾಜಿನ ಲೋಟಗಳ ಸಾಲು ಕೂತಿತು. ಒಂದು ತುದಿಯಲ್ಲಿ ಬರೀ ಡಿಕಾಕ್ಷನ್, ಇನ್ನೊಂದು ತುದಿಯಲ್ಲಿ ಬರೀ ಹಾಲು. ನಡುವಿನ ಒಂದೊಂದನ್ನೂ ಅಣ್ಣಪ್ಪನವರು ತಾವೇ ಬೆರೆಸಿ, ಕೈ ಮೇಲೆತ್ತಿ ಸುರಿದು ತಂದಿಟ್ಟರು. ಗಿರಿಜಕ್ಕ ತಮ್ಮ ಕೈಯನ್ನು ಒಂದೊಂದು ಲೋಟದ ಪಕ್ಕಕ್ಕೂ ಹಿಡಿದು ಬಣ್ಣ ಹೋಲಿಸುತ್ತ ಹೋಗಿ, ಡಿಕಾಕ್ಷನ್ನಿನ ಹತ್ತಿರದ ಒಂದು ಲೋಟದ ಬಳಿ ನಿಂತರು.

"ಹಾ, ನಾನು ಇದು," ಎಂದರು.

ಇವರು ಲೋಟಗಳ ಮೇಲಿನಿಂದ ಒಂದೊಂದಕ್ಕೂ ಮೀಟರು ಹಿಡಿದು ಅಳತೆ ಬರೆದುಕೊಂಡರು. ಆಮೇಲೆ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕೆಳಮುಖವಾಗಿ ತಿರುಗಿಸಿ, ಸ್ಟ್ಯಾಂಡಿನ ಒಂದು ಕಾಲು ಜಾರಿ, ಅದರ ಕೆಳಗೆ ಮಡಿಸಿದ ಕಾಗದ ಇಟ್ಟು, ಮತ್ತೆ ಎಲ್ಲ ಸರಿ ಮಾಡಿ, ಅಂತೂ ಇಂತೂ ತೆಗೆದರು. ಅಷ್ಟು ಹೊತ್ತಿಗೆ ನಾನು ಒಂದು ಮಸಾಲೆ ದೋಸೆ ಮುಗಿಸಿದ್ದೆ.

ಆ ವಾರವೆಲ್ಲ ಕಂಪ್ಯೂಟರಿನಲ್ಲಿ ಗೆರೆಯ ಕೆಲಸ ನಡೆಯಿತು. ಗೆರೆ ಬಂತು, ಆದರೆ ನಡುವೆ, ಡಿಕಾಕ್ಷನ್ ಕಡೆಯ ಏರಿನಲ್ಲಿ ಒಂದು ತಗ್ಗು ಬಿದ್ದಿತ್ತು. ಅಷ್ಟು ಬೆಳಕು ಸಿಕ್ಕಿದರೂ ಆ ಜಾಗದಲ್ಲಿ ಫಿಲಂ ಆಗಬೇಕಾದಷ್ಟು ಕಪ್ಪಾಗಿರಲಿಲ್ಲ. "ಹಳೇ ಫಿಲಂ ಅಲ್ವಾ, ನಡು ಸೋತಿದೆ," ಎಂದು ಇವರು ಆ ತಗ್ಗಿಗೂ ಹೊಂದುವಂತೆ ಸೂತ್ರ ಕೂರಿಸಿದರು. ತಮ್ಮ ನಡು ಸೋತವರಿಗೆ ಎಲ್ಲರ ನಡುವೂ ಸೋತಂತೆಯೇ ಕಾಣುತ್ತದೆ.

ಮುಂದಿನ ಭಾನುವಾರ ಗಿರಿಜಕ್ಕ ಕೂತರು. ಹೋಟೆಲಿನ ಹಿಂದಿನ ಓಣಿಯಲ್ಲಿ, ಸುಣ್ಣದ ಗೋಡೆಯ ಮುಂದೆ, ಬಿಳಿ ಅಂಚಿನ ಹತ್ತಿ ಸೀರೆ ಉಟ್ಟು, ಕೈ ಎರಡೂ ಮಡಿಲಲ್ಲಿ. ಚಳಿಗಾಲದ ಕೊನೆಯ ಹದವಾದ ಬೆಳಕಿತ್ತು. ಅವರು ನಗಲಿಲ್ಲ, ಬಿಗಿದುಕೊಳ್ಳಲೂ ಇಲ್ಲ. ಇವರು ಮೂರೇ ಫೋಟೊ ತೆಗೆದು "ಆಯ್ತಕ್ಕ" ಎಂದರು. ಸಂಜೆ ಬಚ್ಚಲುಮನೆಯಿಂದ ನೆಗೆಟಿವ್ ಹೊರಬಂತು. ಅದನ್ನು ಸ್ಕ್ಯಾನ್ ಮಾಡಿ, ಸೂತ್ರದಲ್ಲಿ ಹಿಂದಕ್ಕೆ ಓಡಿಸಿ, ಒಂದು ದೊಡ್ಡ ಪ್ರಿಂಟ್ ತೆಗೆಸಿಕೊಂಡು ಬಂದರು.

ಗಿರಿಜಕ್ಕ ಕೈ ಒರೆಸಿಕೊಂಡು ಫೋಟೊ ಇಸಿದುಕೊಂಡರು. ಗೋಡೆಯ ಸುಣ್ಣ ಸರಿ ಇತ್ತು, ಕೂದಲು ಸರಿ ಇತ್ತು, ಸೀರೆಯ ಅಂಚು ಸರಿ ಇತ್ತು. ಮುಖ ಮಾತ್ರ ಎರಡು ಲೋಟದಷ್ಟು ಹಾಲಿನ ಕಡೆಗೆ ಸರಿದಿತ್ತು.

"ನೀವೂ ಬೆಳ್ಳಗೆ ಮಾಡಿಬಿಟ್ರಲ್ಲ ಗೋಪಾಲಣ್ಣ," ಎಂದರು. ಸಿಟ್ಟಿರಲಿಲ್ಲ. ಬಹಳ ದಿನದಿಂದ ಗೊತ್ತಿದ್ದ ಮಾತನ್ನು ಮತ್ತೊಮ್ಮೆ ಕೇಳಿದವರಂತೆ ಹೇಳಿ ಒಳಗೆ ಹೋದರು. ಸಿಟ್ಟು ಮಾಡಿದ್ದರೆ ಇವರಿಗೆ ಸುಲಭವಾಗುತ್ತಿತ್ತು.

ಮನೆಗೆ ಬಂದ ಮೇಲೆ ಇವರು ಮೊದಲು ಫಿಲಮ್ಮನ್ನು ಬೈದರು, ಆಮೇಲೆ ಸ್ಕ್ಯಾನರನ್ನು ಬೈದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹೇಳಲು ಬಾಯಿ ತೆರೆದ ನಾನು ಇವರ ಮುಖ ನೋಡಿ ಸಂದೇಶ್ ತರಲು ಎದ್ದೆ. ತಂದಿಟ್ಟರೆ ಮುಟ್ಟಲಿಲ್ಲ. ಕಡಿಮೆಯಲ್ಲಿ ಸುಖವಾಗಿರುವವರಿಗೆ ಆ ಕಡಿಮೆ ಕೈತಪ್ಪಿದರೆ ಉಳಿಯುವುದು ಏನೂ ಇರುವುದಿಲ್ಲ. ನನಗೆ ಆ ವಾರ ಮನೆಯಲ್ಲಿ ಜಗಳ ಆಡಲು ಯಾರೂ ಇರಲಿಲ್ಲ, ಅದು ಚೆನ್ನಾಗಿರಲಿಲ್ಲ.

ಮತ್ತೆ ಭಾನುವಾರ ಬಂತು. ನಾನೇ ಎಳೆದುಕೊಂಡು ಹೋಟೆಲಿಗೆ ಕರೆದೊಯ್ದೆ. ಗಿರಿಜಕ್ಕ ಏನೂ ಆಗಿಲ್ಲ ಎನ್ನುವಂತೆ ಇಡ್ಲಿ ತಂದರು, ಅಣ್ಣಪ್ಪನವರು ಕಾಫಿ ಇಟ್ಟರು. ಇವರು ಯಾವುದನ್ನೂ ನೋಡದೆ, ಮೇಜಿನ ಮೇಲಿದ್ದ ಪೇಪರಿನ ಅಂಚಿನಲ್ಲಿ ಅದೇ ಗೆರೆ, ಅದೇ ತಗ್ಗು ಬರೆಯುತ್ತ ಕೂತರು. ತಟ್ಟೆ ತೆಗೆಯಲು ಬಂದ ಗಿರಿಜಕ್ಕ ಮುಟ್ಟದೆ ಇದ್ದ ಕಾಫಿಯನ್ನು ನೋಡಿದರು.

"ನೊರೆ ಎಲ್ಲ ಇಳಿದು ಕಪ್ಪಾಯ್ತಲ್ಲ. ಕೊಡಿ, ಬೇರೆ ತರ್ತೇನೆ," ಎಂದು ಲೋಟಕ್ಕೆ ಕೈ ಹಾಕಿದರು.

ಇವರು ಲೋಟವನ್ನು ಬಿಡಲಿಲ್ಲ. ಇಬ್ಬರೂ ಒಂದೇ ಲೋಟ ಹಿಡಿದುಕೊಂಡು ನಿಂತರು. ಇವರು ಮೇಲಿನಿಂದ ಲೋಟದೊಳಗೆ ಬಗ್ಗಿ ನೋಡಿದರು, ಆಮೇಲೆ ಪಕ್ಕದ ಮೇಜಿಗೆ ಆಗಷ್ಟೇ ಬಂದ ಇನ್ನೊಬ್ಬರ ಕಾಫಿಯೊಳಗೆ ಬಗ್ಗಿ ನೋಡಿದರು. ಆ ಬಂಗಾಳಿ ಯಜಮಾನರು ತಮ್ಮ ಲೋಟವನ್ನು ಹತ್ತಿರ ಎಳೆದುಕೊಂಡರು.

"ಅಣ್ಣಪ್ಪನೋರೇ, ಅವತ್ತು ಸಾಲಾಗಿ ಇಟ್ರಲ್ಲ, ಆ ಲೋಟಗಳಲ್ಲಿ ನೊರೆ ಇತ್ತಾ?"

ಅಣ್ಣಪ್ಪನವರಿಗೆ ಅವಮಾನವಾಯಿತು. "ಎಂತ ಕೇಳ್ತೀರಿ ಮಾರಾಯ್ರೆ. ನೊರೆ ಇಲ್ಲದ ಕಾಫಿ ನಾನು ಯಾರಿಗಾದ್ರೂ ಕೊಟ್ಟದ್ದು ಉಂಟಾ? ಫೋಟೊಕ್ಕೆ ಅಂತ ಇನ್ನೂ ಸ್ವಲ್ಪ ಎತ್ತಿ ಸುರಿದಿದ್ದೆ."

ಅಷ್ಟೇ ಆಗಿದ್ದದ್ದು. ಬಿಸಿ ಬಿಸಿ ಕಾಫಿಯ ಮೇಲಿದ್ದ ತಿಳಿ ಬಣ್ಣದ ನೊರೆಯನ್ನು ಇವರ ಮೀಟರು ಅಳೆದಿತ್ತು. ಸ್ಟ್ಯಾಂಡಿನ ಕಾಲು ಸರಿ ಮಾಡುವಷ್ಟರಲ್ಲಿ ನೊರೆ ಇಳಿದು, ಫಿಲಂ ಕಂಡಿದ್ದು ಕೆಳಗಿನ ಕಪ್ಪು ಕಾಫಿಯನ್ನು. ಬರೀ ಡಿಕಾಕ್ಷನ್ನಿಗೂ ಬರೀ ಹಾಲಿಗೂ ಎತ್ತಿ ಸುರಿಯುವ ಕೆಲಸವಿರಲಿಲ್ಲ, ಹಾಗಾಗಿ ಗೆರೆಯ ಎರಡು ತುದಿ ಸರಿಯಾಗಿದ್ದು ನಡುವೆ ತಗ್ಗು ಬಿದ್ದಿತ್ತು. ಪಾಪದ ಫಿಲಮ್ಮಿನ ನಡು ಗಟ್ಟಿಯಾಗೇ ಇತ್ತು. ಇವರ ಸೂತ್ರ ಕಪ್ಪು ಕಾಫಿಯನ್ನು ನೊರೆ ಎಂದು ತಿಳಿದು, ಗಿರಿಜಕ್ಕನ ಮುಖವನ್ನೂ ಅದೇ ಲೆಕ್ಕದಲ್ಲಿ ಬೆಳ್ಳಗೆ ಮಾಡಿತ್ತು. ಎಲ್ಲಕ್ಕಿಂತ ಜಾಸ್ತಿ ನೊರೆ ಕಟ್ಟಿದ್ದು ಗಿರಿಜಕ್ಕ ಪಕ್ಕಕ್ಕೆ ಕೈ ಹಿಡಿದು "ನಾನು ಇದು" ಎಂದಿದ್ದ ಸ್ಟ್ರಾಂಗ್ ಕಾಫಿಯ ಮೇಲೆಯೇ.

ಅವತ್ತೇ ಮತ್ತೆ ಲೋಟಗಳ ಸಾಲು ಕೂತಿತು. ಈ ಸಲ ಅಣ್ಣಪ್ಪನವರು ಚಮಚದಲ್ಲಿ ಮೆಲ್ಲಗೆ ಕಲಸಿ, ತಣ್ಣಗಾಗಲು ಬಿಟ್ಟು, ತಲೆ ತಗ್ಗಿಸಿಕೊಂಡು ತಂದಿಟ್ಟರು. "ಇದು ನಮ್ಮ ಹೋಟೆಲಿನದ್ದು ಅಂತ ಹೊರಗೆ ಹೇಳ್ಬೇಡಿ," ಎಂದು ನನ್ನ ಹತ್ತಿರ ಬಂದು ಹೇಳಿದರು.

ಹೊಸ ಗೆರೆಯಲ್ಲಿ ತಗ್ಗು ಇರಲಿಲ್ಲ. ಸಾರಿನಲ್ಲಿ ಬರೆದಂತೆಯೇ ಮಲಗಿ, ಏರಿ, ಮಲಗಿತ್ತು. ಇವರು ಮತ್ತೊಂದು ಪ್ರಿಂಟ್ ಹಿಡಿದುಕೊಂಡು ಬಂದಾಗ ಗಿರಿಜಕ್ಕ ಅಕ್ಕಿ ಆರಿಸುತ್ತಿದ್ದರು.

"ಮತ್ತೆ ಕೂರುದಿಲ್ಲ ಅಂತ ಹೇಳಿದ್ದೇನಲ್ಲ," ಎಂದರು ತಲೆ ಎತ್ತದೆ.

"ಕೂರೋದು ಬೇಡ ಅಕ್ಕ. ಅದೇ ನೆಗೆಟಿವ್. ನಿಮ್ಮ ಮುಖ ಅದರಲ್ಲಿ ಅವತ್ತಿಂದಲೂ ಸರಿಯಾಗೇ ಇತ್ತು. ನನ್ನ ಲೆಕ್ಕ ತಪ್ಪಿತ್ತು."

ಗಿರಿಜಕ್ಕ ಮೊರ ಕೆಳಗಿಟ್ಟು ಫೋಟೊ ಕೈಗೆ ತೆಗೆದುಕೊಂಡರು. ನಾನು ಹಿಂದಿನಿಂದ ಇಣುಕಿದೆ. ಕಪ್ಪು ಮುಖ, ಆ ಕಪ್ಪಿನಲ್ಲೇ ಕೆನ್ನೆಯ ಏರು, ಗದ್ದದ ಗುಳಿ, ಕಣ್ಣಿನ ಕೆಳಗಿನ ಗೆರೆಗಳು, ಎಲ್ಲ ಇದ್ದವು. ಇಷ್ಟು ವರ್ಷ ನಾನು ದಿನಾ ನೋಡಿದ ಮುಖ. ಗಿರಿಜಕ್ಕ ಎದ್ದು ಗೋಡೆಯ ಹತ್ತಿರ ಹೋಗಿ, ಅಮ್ಮನ ಫೋಟೊದ ಪಕ್ಕಕ್ಕೆ ಇದನ್ನು ಹಿಡಿದರು. ಆ ಗುಲಾಬಿ ಕೆನ್ನೆಯ ಕೆಳಗೆ, ಬಣ್ಣದವನು ಅಳಿಸಲು ಮರೆತ ಅದೇ ಗದ್ದದ ಗುಳಿ ಇತ್ತು. ಗಿರಿಜಕ್ಕ ಅಳುತ್ತಿದ್ದಾರೆ ಎಂದು ನನಗೆ ಗೊತ್ತಾಗಿದ್ದು ಸೆರಗು ಎತ್ತಿಕೊಂಡಾಗ.

"ಇದು ಅಮ್ಮ," ಎಂದರು. "ಕನ್ನಡಿಯಲ್ಲಿ ದಿನಾ ನೋಡ್ತೇನೆ, ಅಲ್ಲಿ ನಾನು ಮಾತ್ರ ಇರುದು. ಇಲ್ಲಿ ಅಮ್ಮ ಇದ್ದಾಳೆ. ಅಮ್ಮ ಹೀಗೇ ಇದ್ದದ್ದು."

ಮರುದಿನ ಬಣ್ಣ ಬಳಿದ ಫೋಟೊ ಕಪಾಟಿಗೆ ಹೋಯಿತು. ಅದೇ ಕಟ್ಟಿನಲ್ಲಿ ಹೊಸ ಫೋಟೊ ಗೋಡೆಗೆ ಬಂತು. ಬದುಕಿರುವವರ ಫೋಟೊಗೆ ಹಾರ ಹಾಕುವುದು ಸರಿಯಲ್ಲ ಎಂದು ಅಣ್ಣಪ್ಪನವರು ಎರಡು ದಿನ ಒದ್ದಾಡಿದರು. "ನನ್ನದ್ದು ಅಂತ ಯಾರು ಹೇಳಿದ್ದು? ಇದು ಅಮ್ಮನದ್ದು," ಎಂದು ಗಿರಿಜಕ್ಕ ಸ್ಟೂಲು ಹತ್ತಿ ಸೇವಂತಿಗೆಯ ಹಾರ ಹಾಕಿದರು. ಇಳಿದು ಬಂದು ನನ್ನ ಗಂಡನ ಮುಂದೆ ಕಾಫಿ ಇಟ್ಟರು. ಇವರು ಈಗ ನೊರೆ ಇಳಿಯುವ ಮುಂಚೆ ಕುಡಿಯುತ್ತಾರೆ, ಮನೆಗೆ ಬಂದು ಸಂದೇಶ್ ಕೇಳುತ್ತಾರೆ, ನನ್ನ ಜಗಳವೂ ಮೊದಲಿನಂತೆ ನಡೆದಿದೆ.

ಮೊನ್ನೆ ಆ ಬಂಗಾಳಿ ಯಜಮಾನರು ಗೋಡೆಯ ಫೋಟೊವನ್ನೂ ಎದುರು ನಿಂತ ಗಿರಿಜಕ್ಕನನ್ನೂ ಮತ್ತೆ ಮತ್ತೆ ನೋಡಿ, ಇದು ಯಾರು ಬೌದಿ, ಎಂದರೆ ಅತ್ತಿಗೆ, ಎಂದು ಅವರ ಭಾಷೆಯಲ್ಲಿ ಕೇಳಿದರು.

"ಆಮಾರ್ ಮಾ," ಎಂದರು ಗಿರಿಜಕ್ಕ. ನನ್ನ ಅಮ್ಮ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಸೇರಿಸಿದರು: "ನಾನು ಹೋದ ಮೇಲೂ ಇದೇ ಇರ್ಲಿ ವಿದ್ಯಾ. ಬದಲಾಯಿಸ್ಲಿಕ್ಕೆ ಎಂತದೂ ಇಲ್ಲ."